ಎದೆ ಕಪ್ಪಗಿರಲಿ

ನಮ್ಮೂರಿನಲ್ಲಿ ಹಿರಿಯರ ಕಾಲಿಗೆ ಬಿದ್ದರೆ ಅವರು ತಲೆಯ ಮೇಲೆ ಕೈಯಿಟ್ಟು ‘ಎದೆ ಕಪ್ಪಗಿರಲಿ’ ಅನ್ನುತ್ತಾರೆ. ಬೇರೆ ಊರಿನಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ಸಲ ಇದನ್ನು ಕೇಳಿ ಕಣ್ಕಣ್ಣು ಬಿಡುತ್ತಾರೆ. ಒಂದು ಸಲ ಆಸ್ಪತ್ರೆ ನೋಡಿಕೊಂಡು ಹೋದ ಮೇಲೆ ಅವರೂ ಹಾಗೆಯೇ ಹರಸುವುದನ್ನು ಕಲಿಯುತ್ತಾರೆ. ನಾನೂ ಹಾಗೆ ಬಂದವಳೇ. ಹೆಸರು ಇಂದ್ರಾಣಿ, ಊರಿಗೆಲ್ಲ ಇಂದ್ರಮ್ಮ. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೇನೆ.

ಎಲ್ಲ ಕಡೆಯಂತೆ ಇಲ್ಲೂ ಎದೆಯ ಫಿಲಮ್ಮಿನಲ್ಲಿ ಗಾಳಿ ಆಡುವ ಜಾಗ ಕಪ್ಪಗೆ ಕಾಣುತ್ತದೆ, ಕಾಯಿಲೆ ತುಂಬಿಕೊಂಡ ಜಾಗ ಬೆಳ್ಳಗೆ ಕಾಣುತ್ತದೆ. ವ್ಯತ್ಯಾಸ ಒಂದೇ. ಬೇರೆ ಊರಿನ ಫಿಲಮ್ಮು ಇವತ್ತಿನ ಎದೆಯನ್ನು ತೋರಿಸಿದರೆ ನಮ್ಮೂರಿನದು ಇನ್ನು ಹತ್ತು ದಿನಕ್ಕೆ ಆ ಎದೆ ಹೇಗಿರುತ್ತದೆ ಅನ್ನುವುದನ್ನು ತೋರಿಸುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಾನಿರುವಾಗಲೇ ಮೂರು ಮಿಷನ್ನು ಬದಲಾಗಿವೆ, ಫಿಲಮ್ಮಿನ ಕಂಪನಿ ಎಷ್ಟು ಬದಲಾಗಿದೆಯೋ ಗೊತ್ತಿಲ್ಲ. ರಿಪೇರಿಗೆ ಬಂದಿದ್ದವನೊಬ್ಬ ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ತನ್ನ ಎದೆಯದೇ ಒಂದು ತೆಗೆಸಿಕೊಂಡು, ಕಪ್ಪಗೆ ಬಂದದ್ದು ನೋಡಿ ಖುಷಿಯಾಗಿ ಬಸ್ಸು ಹತ್ತಿ ಹೋದ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಗಿದೆ. ಮದುವೆಗೆ ಒಂಬತ್ತು ದಿನ ಇರುವಾಗ, ಮದುವೆಯ ಮಾರನೆಯ ದಿನದ ಎದೆ ಕಾಣಲೆಂದು, ಹುಡುಗ ಹುಡುಗಿ ಇಬ್ಬರೂ ಬಂದು ಫಿಲಮ್ಮು ತೆಗೆಸಿಕೊಳ್ಳುತ್ತಾರೆ. ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಕರಿ ಬಟ್ಟೆ ಉಡಿಸುತ್ತಾರೆ. ಇನ್ನೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಒಂದು ಕಾಯಿಲೆಗೆ ಒಂದೇ ಫಿಲಮ್ಮು. ಎರಡನೆಯದು ತೆಗೆಸುವುದೆಂದರೆ ಮೊದಲನೆಯದನ್ನು ನಂಬಲಿಲ್ಲ ಎಂದ ಹಾಗೆ, ಅದು ಮನೆಗೆ ಒಳ್ಳೆಯದಲ್ಲ ಎನ್ನುತ್ತಿದ್ದರು. ಫಿಲಮ್ಮಿನ ಮೇಲೆ ಲೋಹದ ವಸ್ತುವಿನ ನೆರಳು ಬಿದ್ದಿದ್ದರೆ ಮಾತ್ರ ಅದು ಲೆಕ್ಕಕ್ಕಿಲ್ಲ, ಮತ್ತೆ ತೆಗೆಯಬಹುದು.

ಪೂರ್ತಿ ಬಿಳಿ ಬಂದರೆ? ಆ ಮನೆಯನ್ನು ಊರೇ ಎತ್ತಿಕೊಳ್ಳುತ್ತಿತ್ತು. ಹತ್ತು ದಿನ ಆ ಮನೆಯಲ್ಲಿ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಒಬ್ಬರು ಹೋಳಿಗೆ, ಒಬ್ಬರು ಶಾವಿಗೆ ಪಾಯಸ, ಒಬ್ಬರು ಎಂದೋ ಆಡಿದ ಮಾತಿಗೆ ಕ್ಷಮೆ ಹಿಡಿದುಕೊಂಡು ಬರುತ್ತಿದ್ದರು. ಕಾಯಿಲೆಯವರನ್ನು ಅಂಗಳದ ಬಿಸಿಲಿನಲ್ಲಿ ಮೆತ್ತೆ ಹಾಕಿ ಕೂರಿಸಿ, ಬೇಕೆಂದದ್ದನ್ನು ತಿನ್ನಿಸಿ, ಚುಚ್ಚದೆ, ಕಹಿ ಔಷಧ ಕುಡಿಸದೆ, ಹೂವಿನಂತೆ ಕಳಿಸಿಕೊಡುತ್ತಿದ್ದರು. ಇಷ್ಟು ಒಳ್ಳೆಯ ಜನ ಬೇರೆ ಎಲ್ಲಾದರೂ ಇದ್ದಾರೆಯೇ ಎಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೇನೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ಏದುಜ್ವರ ಬಂತು. ವೈರಸ್ಸಿನ ನ್ಯುಮೋನಿಯಾ ಎಂದು ನಮ್ಮ ಡಾಕ್ಟರು ಪರಶಿವಯ್ಯನವರು ಹೇಳಿದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿದ್ದುದರಿಂದ ಊರು ಅದಕ್ಕೆ ಏದುಜ್ವರ ಎಂದೇ ಹೆಸರಿಟ್ಟಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಇದ್ದದ್ದು ಹತ್ತು ಬೆಡ್‌ಗೆ. ಬಾಗಿಲಲ್ಲಿ ನಿಲ್ಲುತ್ತಿದ್ದವರು ದಿನಕ್ಕೆ ನಲವತ್ತು. ಪರಶಿವಯ್ಯನವರು ಒಳ್ಳೆಯ ಮನುಷ್ಯ, ಮೂರು ತಿಂಗಳು ಮನೆಗೆ ಹೋಗದೆ ವಾರ್ಡಿನ ಬೆಂಚಿನ ಮೇಲೆ ಮೈಚಾಚಿದವರು. ಅವರೇ ಯೋಚಿಸಿ ನಿಯಮ ಮಾಡಿದರು. ಫಿಲಮ್ಮು ಕಪ್ಪಗೆ ಬಂದವರು ಮನೆಯಲ್ಲೇ ವಾಸಿಯಾಗುತ್ತಾರೆ, ಬೆಡ್ ಬೇಡ. ಪೂರ್ತಿ ಬಿಳಿ ಬಂದವರಿಗೆ ಬೆಡ್ ಕೊಟ್ಟೂ ಉಪಯೋಗವಿಲ್ಲ, ಮನೆಯವರ ನಡುವೆ ಸುಖವಾಗಿರಲಿ. ನಡುವಿನವರಿಗೆ, ಅರ್ಧಂಬರ್ಧ ಮಂಜು ಕವಿದವರಿಗೆ ಬೆಡ್. ಇದಕ್ಕಿಂತ ನ್ಯಾಯವಾದ ನಿಯಮ ಇನ್ನೇನಿದೆ ಹೇಳಿ? ಯಾರೂ ಜಗಳ ಆಡಲಿಲ್ಲ. ಬಿಳಿ ಫಿಲಮ್ಮು ಹಿಡಿದುಕೊಂಡು, ಡಾಕ್ಟರಿಗೆ ಕೈಮುಗಿದು, ಸದ್ದಿಲ್ಲದೆ ಮನೆಗೆ ಹೋದರು.

ನನ್ನ ಗಂಡ ಕಾಂತರಾಜು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದವರು. ಊರಿನ ಮದುವೆ ಕಾಗದ, ತಿಥಿ ಕಾಗದ ಎಲ್ಲ ಅವರ ಬೆರಳಿನಿಂದಲೇ ಬಂದದ್ದು. ಜ್ವರದ ಎರಡನೇ ತಿಂಗಳು ಅವರಿಗೂ ಹತ್ತಿಕೊಂಡಿತು. ಅವರ ಎದೆಯನ್ನು ನಾನೇ ತೆಗೆದೆ. ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ’ ಎಂದು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದೆ. ಕತ್ತಲ ಕೋಣೆಯ ಕೆಂಪು ದೀಪದಲ್ಲಿ, ಫಿಲಮ್ಮು ತೊಳೆಯುವ ಮದ್ದಿನ ತೊಟ್ಟಿಯಿಂದ ಎತ್ತಿ ನೋಡಿದರೆ ಪೂರ್ತಿ ಬಿಳಿ, ಒಗೆದ ಪಂಚೆ ಹರವಿದ ಹಾಗೆ.

ಪರಶಿವಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, “ಇಂದ್ರಮ್ಮ, ನೀವು ನಮ್ಮ ಆಸ್ಪತ್ರೆಯವರು. ಒಂದು ಬೆಡ್ ಹೇಗೋ ಹೊಂದಿಸ್ತೀನಿ, ಯಾರೂ ಕೇಳಲ್ಲ” ಅಂದರು.

ನಾನು ಏನಂದೆ ಗೊತ್ತೇ? “ಬೇಡ ಸಾರ್. ಉಳಿಯೋರ ಬೆಡ್ ಕಿತ್ಕೊಂಡು ನಮ್ಮೋರನ್ನ ಮಲಗಿಸ್ಲಾ? ನಿಯಮ ಅಂದ್ರೆ ನಿಯಮ” ಅಂದೆ. ಇಡೀ ಆಸ್ಪತ್ರೆ ನನ್ನನ್ನು ಹೊಗಳಿತು. ಎಂಥ ಹೆಂಗಸಪ್ಪ ಎಂದರು. ನಾನೂ ಒಳಗೊಳಗೇ ಹೆಮ್ಮೆಪಟ್ಟೆ. ಸುಳ್ಳು ಯಾಕೆ ಹೇಳಲಿ?

ಮನೆಗೆ ಕರೆದುಕೊಂಡು ಹೋದೆ. ಮಾರನೆಯ ದಿನ ಎದುರು ಮನೆಯವರು ಹೋಳಿಗೆ ತಂದಾಗ ನನ್ನ ಗಂಡನಿಗೆ ತಿಳಿಯಿತು. “ಓಹೋ, ನನಗೂ ಬಂತಾ ಬಿಳಿ!” ಎಂದು ನಕ್ಕು, “ತುಪ್ಪ ಸ್ವಲ್ಪ ಜಾಸ್ತಿ ಹಾಕು ಇಂದ್ರಾ” ಅಂದರು. ಎಂಟನೆಯ ದಿನ ಹೋದರು. ನನ್ನ ಕೈ ಹಿಡಿದುಕೊಂಡೇ ಹೋದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದೆ ಎಂಬ ಸಮಾಧಾನ ಒಂದಿತ್ತು. ಆಮೇಲಿನ ನಾಲ್ಕು ತಿಂಗಳು ನಾನು ಬದುಕಿದ್ದು ಅದೊಂದರ ಮೇಲೆ.

ಈಗ ಜವರಮ್ಮನ ವಿಷಯ. ಜವರಮ್ಮ ನಮ್ಮ ಎಕ್ಸ್‌ರೇ ಕೋಣೆಯ ಆಯಾ. ಹತ್ತೊಂಬತ್ತು ವರ್ಷ ನನ್ನ ಜೊತೆ ಇದ್ದವಳು. ಕಾಯಿಲೆಯವರ ಭುಜ ಹಿಡಿದು ಪ್ಲೇಟಿಗೆ ಒತ್ತಿ ನಿಲ್ಲಿಸುವುದು, ಹೆದರಿದವರನ್ನು ಗದರಿಸುವುದು, ಅತ್ತವರಿಗೆ ತನ್ನ ಸೆರಗು ಕೊಡುವುದು ಅವಳ ಕೆಲಸ. ಹಿಂದೆ ಮುಂದೆ ಯಾರೂ ಇಲ್ಲ. ಓದು ಬರಹ ಇಲ್ಲ. ಆದರೆ ಹಸಿ ಫಿಲಮ್ಮನ್ನು ಕಿಟಕಿಗೆ ಹಿಡಿದು ಡಾಕ್ಟರಿಗಿಂತ ಮೊದಲು ಓದುತ್ತಿದ್ದಳು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಒಂದು ದಿನ ಹೂ ಕಟ್ಟುವ ನಿಂಗರಾಜ ಬಂದ. ಫಿಲಮ್ಮು ಪೂರ್ತಿ ಬಿಳಿ. ಆದರೆ ಪುಣ್ಯಾತ್ಮ ಕತ್ತಿನ ತಾಯಿತ ಬಿಚ್ಚುವುದನ್ನು ಮರೆತಿದ್ದ. ಎದೆಯ ನಡುವೆ ಅದರ ಗುರುತು ಬಿದ್ದಿತ್ತು. ಹಾಗಾಗಿ ಅದು ಲೆಕ್ಕಕ್ಕಿಲ್ಲ. ಮತ್ತೆ ತೆಗೆಯಬೇಕು, ಆದರೆ ಹೊರಗೆ ಸಾಲು ಉದ್ದವಿತ್ತು. ಅಷ್ಟರಲ್ಲಿ ವಾರ್ಡಿನಲ್ಲಿ ಒಬ್ಬರು ವಾಸಿಯಾಗಿ ಮನೆಗೆ ಹೊರಟರು. ಡಾಕ್ಟರು, “ಪಾಪ, ಅವನನ್ನ ಆ ಬೆಡ್ ಮೇಲೆ ಹಾಕಿ ಆಕ್ಸಿಜನ್ ಕೊಡಿ. ಇನ್ನು ಅವನಿಗೇ ಇರಲಿ ಅದು. ನೆಪಕ್ಕೆ ಸಂಜೆ ಇನ್ನೊಂದು ಫಿಲಂ ತೆಗೆದರಾಯ್ತು” ಅಂದರು. ಸಂಜೆ ತೆಗೆದೆ. ಮಂಜು ಅಲ್ಲೊಂದು ಇಲ್ಲೊಂದು ಬಿಟ್ಟರೆ ಉಳಿದದ್ದೆಲ್ಲ ಕಪ್ಪು.

ಊರು ಏನೆಂದುಕೊಂಡಿತು? ತಾಯಿತದ್ದೇ ದೋಷ ಎಂದುಕೊಂಡಿತು! ಮಾರನೆಯ ದಿನದಿಂದ ಸಾಲಿನಲ್ಲಿ ನಿಂತವರೆಲ್ಲ ತಾಯಿತ, ಉಡುದಾರ, ಓಲೆ, ಕಾಲುಂಗುರ ಎಲ್ಲ ಬಿಚ್ಚಿ ಗಂಟು ಕಟ್ಟಿಕೊಂಡು ಬಂದರು. ಮುದುಕಿಯೊಬ್ಬಳು ಬಂಗಾರದ ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹೊರಟಿದ್ದವಳನ್ನು ನಾನೇ ಬೈದು ಕೂರಿಸಿದೆ. ಏನು ಬಿಚ್ಚಿದರೂ ಬಿಳಿ ಬರುವವರಿಗೆ ಬಿಳಿಯೇ ಬಂತು.

ಜವರಮ್ಮ ಮಾತ್ರ ನಿಂಗರಾಜನ ಎರಡೂ ಫಿಲಮ್ಮುಗಳನ್ನು ಕಿಟಕಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

“ಇಂದ್ರವ್ವ, ಇಲ್ನೋಡು. ತಾಯಿತ ಐತಲ್ಲ, ಬೆರಳಷ್ಟಗಲ. ಬಿಳಿ ನೋಡಿದ್ರೆ ಎದೆ ತುಂಬ. ಮೂಳೆ ಎರಡರಾಗೂ ಹಂಗೇ ಅವೆ. ಮದ್ದು ಕೆಟ್ಟಿದ್ರೆ ಮೂಳೆನೂ ಕೆಡ್ಬೇಕಾಗಿತ್ತಲ್ವಾ?”

“ಅದಕ್ಕೇನೀಗ?”

“ಈ ಎರಡು ಫಿಲಮ್ಮಿನ ಮಧ್ಯೆ ಆ ಮಗಂಗೆ ಸಿಕ್ಕಿದ್ದು ಒಂದೇ ಕಣವ್ವ. ಬೆಡ್ಡು.”

ನನಗೆ ಎಲ್ಲಿತ್ತೋ ಸಿಟ್ಟು! “ಡಾಕ್ಟರಿಗಿಂತ ನೀನು ದೊಡ್ಡವಳಾ? ಸುಮ್ನೆ ಕೆಲಸ ನೋಡ್ಕೋ ಹೋಗು” ಎಂದು ಕೂಗಿದೆ. ನನ್ನ ಕೈಯಲ್ಲಿದ್ದ, ಫಿಲಮ್ಮು ನೇತುಹಾಕುವ ಕ್ಲಿಪ್ಪುಗಳು ನೆಲಕ್ಕೆ ಬಿದ್ದವು. ಜವರಮ್ಮ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಬಗ್ಗಿ ಕ್ಲಿಪ್ಪುಗಳನ್ನು ಆರಿಸಿಕೊಟ್ಟು, “ಹೋಗ್ಲಿ ಬಿಡವ್ವ, ನಂಗೇನ್ ಗೊತ್ತಾಯ್ತದೆ” ಎಂದು ಹೊರಗೆ ಹೋದಳು. ಆಮೇಲೆ ಆ ಮಾತು ಎತ್ತಲೇ ಇಲ್ಲ.

ಅವಳು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡಿ. ಅರ್ಥವಾಗಿದ್ದರಿಂದಲೇ ಕೂಗಿದ್ದು. ಅವಳ ಮಾತು ನಿಜವಾಗಿದ್ದರೆ ಫಿಲಮ್ಮು ಹಣೆಬರಹವನ್ನೇನೂ ತೋರಿಸುತ್ತಿರಲಿಲ್ಲ. ನಾವು ಏನು ಮಾಡಬೇಕೆಂದು ಹೊರಟಿದ್ದೇವೋ ಅದನ್ನೇ ಮಾಡಿದರೆ ಹತ್ತು ದಿನಕ್ಕೆ ಏನಾಗುತ್ತದೆ ಎಂದಷ್ಟೇ ತೋರಿಸುತ್ತಿತ್ತು. ಬಿಳಿ ಬಂದವರನ್ನು ಮನೆಗೆ ಕಳಿಸುತ್ತಿದ್ದೆವು, ಮನೆಗೆ ಕಳಿಸುತ್ತೇವೆ ಎಂದೇ ಬಿಳಿ ಬರುತ್ತಿತ್ತು. ಹಾಗಿದ್ದರೆ ‘ಬೇಡ ಸಾರ್’ ಎಂದ ನಾನು ಯಾರು? ಆ ಪ್ರಶ್ನೆಯ ಹತ್ತಿರ ಸುಳಿಯಲೂ ನನಗೆ ಧೈರ್ಯವಿರಲಿಲ್ಲ.

ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಬಾಗಿಲು ತೆಗೆದರೆ ಜವರಮ್ಮ ಗೋಡೆಗೆ ಒರಗಿ ಕೂತಿದ್ದಳು. ತುಟಿ ನೀಲಿ. ಒಂದು ಮಾತಿಗೆ ಮೂರು ಸಲ ಉಸಿರು.

“ತೆಗಿಯವ್ವ ನಂದೂ ಒಂದು. ಎಲ್ಲಾರ್ನೂ ಹಿಡ್ಕೊಂಡು ನಿಂತೆ, ಇವತ್ತು ನನ್ನ ಹಿಡ್ಕೊಳ್ಳೋರು ಯಾರು ನೋಡು” ಎಂದು ನಗಲು ಹೋಗಿ ಕೆಮ್ಮಿದಳು.

ಒಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದೆ. ತೊಟ್ಟಿಯಿಂದ ಎತ್ತಿದಾಗ ಅದೇ ಒಗೆದ ಪಂಚೆ. ನಾನು ಹೊರಗೆ ಬರುವಷ್ಟರಲ್ಲಿ ಅವಳು ನನ್ನ ಮುಖವನ್ನೇ ಓದಿದಳು. ಫಿಲಮ್ಮು ಕೇಳಲಿಲ್ಲ. “ನಂಗೆ ಹೋಳಿಗೆ ಬ್ಯಾಡ ಕಣವ್ವ. ಹುರುಳಿ ಬಸ್ಸಾರು ಮಾಡಿಸ್ಕೊಡು” ಅಂದಳು.

ವಾರ್ಡಿಗೆ ಓಡಿದೆ. ಹತ್ತಕ್ಕೆ ಹತ್ತೂ ಬೆಡ್ ತುಂಬಿದ್ದವು. ಯಾರನ್ನು ಎಬ್ಬಿಸಲಿ? ಡಾಕ್ಟರು ಫಿಲಮ್ಮು ನೋಡಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನಮ್ಮ ಜವರಮ್ಮನಾ? ಛೆ! ಚೆನ್ನಾಗಿ ನೋಡ್ಕೊಳ್ಳಿ ಇಂದ್ರಮ್ಮ. ನೀವು ಹತ್ತು ದಿನ ರಜಾ ಹಾಕಿ, ಅವಳ ಜೊತೆಗಿರಿ” ಅಂದರು. ಅಷ್ಟು ಪ್ರೀತಿಯಿಂದ ಹೇಳಿದರು. ನನ್ನ ಗಂಡನ ವಿಷಯದಲ್ಲೂ ಹೀಗೆಯೇ ರಜೆ ಕೊಟ್ಟಿದ್ದರು.

ವಾಪಸು ಬರುವ ದಾರಿಯಲ್ಲಿ, ಮೆಟ್ಟಿಲ ಹತ್ತಿರ, ನಿಂತುಬಿಟ್ಟೆ. ಜವರಮ್ಮನನ್ನು ಮನೆಗೆ ಕರೆದುಕೊಂಡು ಹೋಗಿ ಬಸ್ಸಾರು ಉಣ್ಣಿಸಿದರೆ ನಾನು ಈ ಊರಿನ ಒಳ್ಳೆಯ ಹೆಂಗಸಾಗಿಯೇ ಉಳಿಯುತ್ತೇನೆ. ಕಾಂತರಾಜುವಿಗೆ ಮಾಡಿದ್ದೆಲ್ಲ ಸರಿಯಾಗಿಯೇ ಉಳಿಯುತ್ತದೆ. ಅವಳನ್ನು ಉಳಿಸಲು ಹೋಗಿ ಅವಳು ಉಳಿದೇಬಿಟ್ಟರೆ? ಆಗ ಅವರೂ ಉಳಿಯಬಹುದಿತ್ತು ಎಂದಾಗುತ್ತದೆ. ದೇವರಾಣೆಗೂ ಹೇಳುತ್ತೇನೆ, ಒಂದು ಗಳಿಗೆ ಜವರಮ್ಮ ಹೋದರೆ ಹೋಗಲಿ ಅನ್ನಿಸಿತು. ಅನ್ನಿಸಿತಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೆನ್ನೆಗೆ ಹೊಡೆದುಕೊಂಡು ಒಳಗೆ ಹೋದೆ.

ಎಕ್ಸ್‌ರೇ ಕೋಣೆಯಲ್ಲಿ ಉದ್ದನೆಯ ಮೇಜೊಂದಿದೆ, ಮಲಗಿಸಿ ಫಿಲಮ್ಮು ತೆಗೆಯಲು. ಮೂಲೆಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಇರುತ್ತದೆ, ಫಿಲಮ್ಮು ತೆಗೆಯುವಾಗ ಯಾರಾದರೂ ತಲೆ ತಿರುಗಿ ಬಿದ್ದರೆ ಬೇಕೆಂದು. ನನ್ನ ಶಾಲು ಹಾಸಿ ಜವರಮ್ಮನನ್ನು ಮೇಜಿನ ಮೇಲೆ, ಉಸಿರು ಸಲೀಸಾಗಲೆಂದು ಬೋರಲು ಮಲಗಿಸಿದೆ. ಸಿಲಿಂಡರ್ ಎಳೆದು ತಂದು ಅವಳ ಮೂಗಿಗೆ ಮಾಸ್ಕ್ ಕಟ್ಟಿದೆ. ಹೊರಗೆ ಬಂದು ಸಾಲಿನಲ್ಲಿ ನಿಂತವರಿಗೆ, “ಇನ್ನು ಹತ್ತು ದಿನ ಇಲ್ಲಿ ಫಿಲಂ ಇಲ್ಲ. ಡಾಕ್ಟ್ರೇ ಎದೆಗೆ ಕಿವಿ ಇಟ್ಟು ನೋಡ್ಲಿ” ಎಂದೆ. ಜನ ದಂಗಾದರು. ಫಿಲಮ್ಮಿಲ್ಲದೆ ನಮ್ಮೂರಿನಲ್ಲಿ ಯಾರೂ ಕೆಮ್ಮಿದ್ದೂ ಇಲ್ಲ.

ಡಾಕ್ಟರು ಓಡಿ ಬಂದರು. ಅವರಿಗೆ ಸಿಟ್ಟು ಬಂದದ್ದನ್ನು ಅಂದೇ ಮೊದಲು ನೋಡಿದ್ದು.

“ಏನಿದು ಇಂದ್ರಮ್ಮ? ಬಿಳಿ ಬಂದೋರನ್ನ ಮೇಜಿನ ಮೇಲೆ ಮಲಗಿಸಿ ಊರಿಗೇ ಫಿಲಂ ಇಲ್ಲ ಅಂದ್ರೆ ಹೇಗೆ? ಯಾರಿಗೆ ಬೆಡ್ ಕೊಡ್ಲಿ, ಯಾರಿಗೆ ಬಿಡ್ಲಿ? ನಿಯಮ ನಿಮಗೆ ನಾನು ಹೇಳ್ಬೇಕಾ?”

“ನಿಯಮ ನಂಗೆ ಗೊತ್ತು ಸಾರ್. ಅದಕ್ಕೆ ನನ್ನ ಗಂಡನ್ನ ಕೊಟ್ಟಿದೀನಿ” ಎಂದೆ. “ಇವಳು ಇಲ್ಲಿಂದ ಏಳಲ್ಲ. ನಾನೂ ಏಳಲ್ಲ. ಸಿಲಿಂಡರ್ ಖಾಲಿಯಾದ್ರೆ ವೆಲ್ಡಿಂಗ್ ಅಂಗಡಿಯಿಂದ ಹೊತ್ಕೊಂಡು ಬರ್ತೀನಿ. ಇದು ಮುಗಿದ ಮಾತು. ಈಗ ಒಂದೇ ಒಂದು ಫಿಲಂ ತೆಗಿತೀನಿ, ಇವಳದ್ದೇ. ನೀವು ಇಲ್ಲೇ ನಿಂತ್ಕೊಂಡು ನೋಡಿ.”

“ಎರಡನೇದಾ?” ಎನ್ನುತ್ತ ಬಾಗಿಲಲ್ಲಿ ನಿಂತ ಜನರೆಲ್ಲ ಹಿಂದೆ ಸರಿದರು.

“ಹೌದು. ಎರಡನೇದು.”

ಜವರಮ್ಮ ಮಾಸ್ಕಿನೊಳಗಿಂದ ಏನೋ ಗೊಣಗಿದಳು. ಬಗ್ಗಿ ಕೇಳಿದರೆ, “ತಾಯಿತ ಇಲ್ಲ ಕಣವ್ವ ನಂಗೆ, ಏನ್ ನೆಪ ಹೇಳ್ತೀಯ?” ಅನ್ನುತ್ತಿದ್ದಳು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಪ್ಲೇಟನ್ನು ಅವಳ ಎದೆಯ ಕೆಳಗೆ ತಳ್ಳಿ ಗುಂಡಿ ಒತ್ತಿದೆ.

ಕತ್ತಲ ಕೋಣೆಗೆ ಡಾಕ್ಟರನ್ನೂ ಕರೆದುಕೊಂಡು ಹೋದೆ. ಮದ್ದಿನಲ್ಲಿ ಮೊದಲು ಬೆನ್ನುಮೂಳೆ ಎದ್ದಿತು, ಆಮೇಲೆ ಪಕ್ಕೆಲುಬು. ಅವುಗಳ ನಡುವೆ ನಿಧಾನವಾಗಿ, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ಕಪ್ಪು ಇಳಿಯತೊಡಗಿತು. ಪೂರ್ತಿ ಕಪ್ಪಲ್ಲ. ಕೆಳಗೆಲ್ಲ ಮಂಜು, ಎಡಗಡೆ ದಟ್ಟವಾಗಿಯೇ ಇತ್ತು. ಆದರೆ ಮೇಲಿನಿಂದ ಅರ್ಧದವರೆಗೆ ಒಳ್ಳೆಯ ಕಪ್ಪು. ಬದುಕಿರುವವರ ಎದೆ ಅದು.

ಪರಶಿವಯ್ಯನವರು ಹೊರಗೆ ಬಂದು ಎರಡೂ ಫಿಲಮ್ಮುಗಳನ್ನು ಕಿಟಕಿಗೆ ಹಿಡಿದರು. ಬೆಳಗಿನದು, ಈಗಿನದು. ನಿಂಗರಾಜನವೆರಡನ್ನೂ ಜವರಮ್ಮ ಜೋಪಾನವಾಗಿ ಎತ್ತಿಟ್ಟಿದ್ದಳು, ಅವನ್ನೂ ಪಕ್ಕಕ್ಕೆ ಹಿಡಿದೆ. ಅವರು ಸ್ಟೂಲು ಎಳೆದುಕೊಂಡು ಕೂತರು.

“ಎಷ್ಟು ಜನರನ್ನ ಕಳಿಸಿದೆ ಇಂದ್ರಮ್ಮ, ನಾನು?”

“ನೀವಲ್ಲ ಸಾರ್. ನಾವು.”

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ನಾನು ಅಳಲಿಲ್ಲ. ಅಳಲು ಹೊತ್ತಿರಲಿಲ್ಲ. ಆ ವಾರ ಬಿಳಿ ಫಿಲಮ್ಮು ಹಿಡಿದು ಮನೆಗೆ ಹೋದವರಲ್ಲಿ ಹನ್ನೊಂದು ಜನ ಇನ್ನೂ ಬದುಕಿದ್ದರು, ಅಂಗಳದ ಬಿಸಿಲಿನಲ್ಲಿ ಕೂತು ಪಾಯಸ ಕುಡಿಯುತ್ತಿದ್ದರು. ಮಧ್ಯಾಹ್ನದೊಳಗೆ ಅವರನ್ನೆಲ್ಲ ಹೊತ್ತು ತಂದೆವು. ಶಾಲೆಯ ಬೆಂಚುಗಳನ್ನು ಜೋಡಿಸಿದರು. ವೆಲ್ಡಿಂಗ್ ಅಂಗಡಿಗಳವರು ಇದ್ದಬದ್ದ ಸಿಲಿಂಡರನ್ನೆಲ್ಲ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದರು. ಹೋಳಿಗೆ ತರುತ್ತಿದ್ದ ಹೆಂಗಸರೇ ಸರದಿಯಂತೆ ಕೂತು ಬೆನ್ನು ತಟ್ಟಿದರು, ಮಗ್ಗುಲು ತಿರುಗಿಸಿದರು, ಗಂಜಿ ಕುಡಿಸಿದರು. ಹನ್ನೊಂದರಲ್ಲಿ ಏಳು ಜನ ಉಳಿದರು. ನಾಲ್ವರು ಉಳಿಯಲಿಲ್ಲ. ಎಲ್ಲರಿಗೂ ಕಪ್ಪು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಅಂಥ ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ.

ಜವರಮ್ಮ ಹತ್ತನೆಯ ದಿನ ಎದ್ದು ಕೂತಳು. ಎಡಗಡೆಯ ಮಂಜು ಪೂರ್ತಿ ಹೋಗಿಲ್ಲ, ಈಗಲೂ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಾಳೆ. ಹುರುಳಿ ಬಸ್ಸಾರು ಮಾಡಿಕೊಂಡು ಹೋಗಿದ್ದೆ. ಎರಡು ತುತ್ತು ಉಂಡು, ಕೈ ತಟ್ಟೆಯಲ್ಲೇ ಬಿಟ್ಟು ನನ್ನನ್ನು ನೋಡಿದಳು.

“ಕಾಂತರಾಜಪ್ಪಂದು ಯೋಚ್ನೆ ಮಾಡ್ತಿದೀಯಲ್ವಾ?”

ಆಗ ಅತ್ತೆ. ಹತ್ತು ದಿನದ್ದು, ನಾಲ್ಕು ತಿಂಗಳದ್ದು ಎಲ್ಲ ಸೇರಿ ಬಂತು. “ಬೆಡ್ ಕೊಡ್ತೀನಿ ಅಂದ್ರು ಕಣೆ ಜವರಿ. ನಾನೇ ಬೇಡ ಅಂದೆ. ನಾನೇ.”

ಗೊತ್ತಿರಲಿಲ್ಲವಲ್ಲ ಎಂದು ಅವಳು ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. ಎಂಜಲು ಕೈಯನ್ನು ಸೆರಗಿಗೆ ಒರೆಸಿ, ಫಿಲಮ್ಮಿಗೆ ನಿಲ್ಲಿಸುವಾಗ ಹಿಡಿಯುತ್ತಿದ್ದಳಲ್ಲ, ಹಾಗೆ ನನ್ನ ಎರಡೂ ಭುಜಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಈಗ ನಮ್ಮೂರಿನಲ್ಲಿ ಬಿಳಿ ಬಂದರೆ ಯಾರೂ ಹೋಳಿಗೆಗೆ ಬೇಳೆ ನೆನೆಹಾಕುವುದಿಲ್ಲ. ಜವರಮ್ಮ ಫಿಲಮ್ಮನ್ನು ಕಿಟಕಿಗೆ ಹಿಡಿದು, ಮನೆಯವರ ಕಡೆ ತಿರುಗಿ, “ಇದು ಒಂದನೇದು ಕಣ್ರಪ್ಪ. ಏನ್ ಮಾಡಣ ಹೇಳಿ, ಮಾಡಿ ಇನ್ನೊಂದು ತೆಗೆಯಣ” ಅನ್ನುತ್ತಾಳೆ. ಔಷಧ ಬದಲಿಸಿ ಒಂದು, ಮಲಗಿಸುವ ಮಗ್ಗುಲು ಬದಲಿಸಿ ಒಂದು, ದೊಡ್ಡಾಸ್ಪತ್ರೆಗೆ ವ್ಯಾನು ಗೊತ್ತುಮಾಡಿ ಇನ್ನೊಂದು. ಒಬ್ಬೊಬ್ಬರಿಗೆ ನಾಲ್ಕು ಐದು ಫಿಲಮ್ಮು ತೆಗೆದದ್ದೂ ಉಂಟು. ಮೊನ್ನೆ ನಿಂಗರಾಜನ ಮಗಳಿಗೆ ಆರನೆಯದು ಕಪ್ಪಗೆ ಬಂತು.

ಮನೆಯ ಬೀರುವಿನಲ್ಲಿ, ಮದುವೆ ಸೀರೆಯ ಕೆಳಗೆ, ಕಾಂತರಾಜುವಿನ ಎದೆ ಇದೆ. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡ ಮೇಲೆ ಅದನ್ನು ತೆಗೆದು ಕಿಟಕಿಗೆ ಹಿಡಿಯುತ್ತೇನೆ. ಪಕ್ಕೆಲುಬು ಒಂದೊಂದೂ ಸ್ಪಷ್ಟ, ತಾಯಿತ ಇಲ್ಲ, ಮದ್ದು ಕೆಟ್ಟಿಲ್ಲ. ಅವರು ಉಸಿರು ಎಳೆದುಕೊಂಡು ನಿಂತದ್ದು ಚೆನ್ನಾಗಿ ಬಂದಿದೆ, ನಾನು ಹೇಳಿದ ಹಾಗೆಯೇ ಹಿಡಿದುಕೊಂಡಿದ್ದಾರೆ. ಅವರಿಗೆ ನಾನು ಒಂದೇ ಫಿಲಮ್ಮು ತೆಗೆದೆ.